ತಮ್ಮನ ಮನೆಯ ನೆಲ

ಮಟ್ಟ ನೋಡಲು ಸುರಿದ ನೀರು ಮತ್ತೆ ಅಲ್ಲೇ ನಿಂತಿತು, ಬಾಗಿಲ ಬಲಮೂಲೆಯಲ್ಲಿ, ಎಮ್ಮೆ ಕಾಲೂರಿ ಎದ್ದುಹೋದ ಗುಂಡಿಯ ಹಾಗೆ — ಇದಕ್ಕೆ ನೆಲ ಅಂತಾರಾ, ಯಾವ ಪುಣ್ಯಾತ್ಮ ಕಾಂಕ್ರೀಟು ಸುರಿದು ಹೋದನೋ, ನಡುಮನೆಯಲ್ಲಿ ಉಬ್ಬು, ಮೂಲೆಯಲ್ಲಿ ತಗ್ಗು, ಇದರ ಮೇಲೆ ಹಾಗೇ ಟೈಲ್ಸ್ ಕೂರಿಸಿದರೆ ವರ್ಷದೊಳಗೆ ಟೊಳ್ಳು ಸದ್ದು, ಅಂದುಕೊಳ್ಳುತ್ತ ಆನಂದ ಉಳಿ ಇಟ್ಟು ಉಬ್ಬು ಕೆತ್ತತೊಡಗಿದ, ಚಕ್ಕೆ ಹಾರಿ ಕೆನ್ನೆಗೆ ಬಡಿಯಿತು, ಬಡಿಯಲಿ, ಒಡಹುಟ್ಟಿದವನ ಮನೆ ತಾನೇ, ತರೀಕೆರೆಯಲ್ಲಿ ತಮ್ಮ ಶಿವಪ್ರಸಾದ ಮೇಷ್ಟ್ರು ಕಟ್ಟಿಸಿದ ಮನೆ — ಫೋನಿನಲ್ಲಿ ಬಾಯಿತುಂಬ ಅಣ್ಣ, ನೆಲ ನೀನೇ ಮಾಡ್ಕೊಡ್ಬೇಕು ಕಣಣ್ಣ, ಬತ್ತೀನಿ ಕಣೋ, ಆದ್ರೆ ಗೃಹಪ್ರವೇಶದ ದಿನ ಈ ನೆಲದ ಮೇಲೆ ಮೊದ್ಲು ಕಾಲಿಡೋಳು ಅವ್ವ, ಆಯ್ತಾ, ಆಯ್ತಣ್ಣ — ಆ ಒಂದು ಮಾತಿಗೆ ಬೀರೂರಿನಿಂದ ಸಾಮಾನು ಹೊತ್ತು ಬಂದರೆ, ಎದುರು ಮನೆ ಕಾಂತಮ್ಮನ ಮುಂದೆ, ಆನಂದ್, ಆ ಮೂಲೆ ನೋಡಪ್ಪ, ಅಂತಾನೆ, ಆನಂದ್ ಅಂತೆ, ಹೆಗಲ ಮೇಲೆ ಹೊತ್ತು ತಿರುಗಿದ ಅಣ್ಣನನ್ನು ಹೆಸರು ಹಿಡಿದು! ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಅಂತಾರೆ, ಥೂ, ದಾಯಾದಿಯಾಗಿದ್ದರೂ ವಾಸಿಯಿತ್ತು, ಜಗಳಕ್ಕಾದರೂ ನೆಂಟ ಅನ್ನಿಸಿಕೊಳ್ಳಬಹುದಿತ್ತು.

ಈ ಬೀದಿಯವರಿಗೆ ತಮ್ಮ ಹೇಳಿಕೊಂಡ ಪ್ರಕಾರ ಅವನು ಬೇರೆ ಜಾತಿಯವನು, ಬೇರೆ ಊರಿನವನು, ಅಪ್ಪ ಅವ್ವ ಇಬ್ಬರೂ ತೀರಿಕೊಂಡವನು — ಬೆಳಿಗ್ಗೆ ತಾನೇ ಪಿಸುಮಾತಿನಲ್ಲಿ ಒಪ್ಪಿಕೊಂಡ, ಏನ್ ಮಾಡ್ಲಣ್ಣ, ಮನೆ ಬಾಡಿಗೆಗೆ ಹೋದಲ್ಲೆಲ್ಲ ನೀವು ಯಾವ ಪೈಕಿ ಅಂತ ಕೇಳ್ತಾರೆ, ನಿಜ ಹೇಳಿದ್ರೆ ನಾಳೆ ಬನ್ನಿ ಅಂತಾರೆ, ಆ ನಾಳೆ ಬರೋದೇ ಇಲ್ಲ. ಅದು ಸುಳ್ಳಲ್ಲ, ಆನಂದನಿಗೂ ಗೊತ್ತು, ಯಾರನ್ನು ಬೈಯಬೇಕು — ಹೋಗಲಿ, ಅದಕ್ಕೆ ಬದುಕಿರೋ ಹೆತ್ತವಳನ್ನೇ ಸಾಯಿಸಬೇಕಾ, ಮೇಲಾಗಿ ಹೋಮವಂತೆ, ನಡುಮನೇಲಿ ಒಂದು ಚೌಕ ಟೈಲ್ಸ್ ಹಾಕದೆ ಬಿಡು, ಬೆಂಕಿಗೆ ಸೀಳುತ್ತೆ ಅಂತಾನೆ, ಅಪ್ಪ ಗಿರಿಯಪ್ಪ ದೇವರ ಪಟಗಳನ್ನೆಲ್ಲ ಇಳಿಸಿ ಕೇರಿಗೆಲ್ಲ ಬುದ್ಧಂ ಶರಣಂ ಹೇಳಿಕೊಟ್ಟವನು, ಅವನ ಮಗನ ಮನೆಯ ನೆಲ ಈಶಾನ್ಯಕ್ಕೆ ಇಳಿಜಾರಾಗಬೇಕಂತೆ, ಭೇಷ್ ಕಣೋ ಮೇಷ್ಟ್ರೇ. ಅವ್ವನ್ ವಿಷ್ಯ ಏನೋ, ಅಂದರೆ, ಕರೀತೀನಿ ಬಿಡಣ್ಣ, ಏನಾದ್ರೂ ಹೇಳ್ಕೊಂಡ್ರಾಯ್ತು — ಇರಲಿ, ಕರೆದರೆ ಸಾಕು, ಏನಂತಾದರೂ ಹೇಳಿಕೊಳ್ಳಲಿ, ಅವಳ ಬರಿಗಾಲಿಗೆ ಒಂದು ಏರುಪೇರು ಸಿಗಬಾರದು, ಕೆತ್ತು, ತಂತಿ ಬ್ರಷ್ಷಿನಲ್ಲಿ ಉಜ್ಜು, ತೊಳೆ, ದಾರ ಎಳೆದು ಮಟ್ಟ ನೋಡು.

ದಾರ ಎಳೆಯುತ್ತಿರುವಾಗಲೇ ಬಾಗಿಲಲ್ಲಿ ನೆರಳು, ಅಯ್ಯೋ, ಅವ್ವ, ಹುಲಿಯಮ್ಮ, ಹೇಳದೆ ಕೇಳದೆ ಬಸ್ಸು ಹತ್ತಿ ಬಂದಿದ್ದಾಳೆ, ಸೆರಗಿನಡಿ ಬುತ್ತಿ, ಮಣ್ಣುಧೂಳಿನ ನೆಲ, ಆದರೂ ಚಪ್ಪಲಿ ಹೊರಗೇ ಬಿಟ್ಟಿದ್ದಾಳೆ, ಒಳಗೆ ಶಿವಪ್ರಸಾದ, ಅವನ ಪಕ್ಕದಲ್ಲಿ ಕಾಫಿ ತಂದ ಕಾಂತಮ್ಮ, ಯಾರವ್ವ ನೀನು, ಯಾರ್ ಬೇಕಿತ್ತು, ಕೇಳಿದವಳು ಕಾಂತಮ್ಮ, ಹೇಳೋ ಲೇ, ಈಗಲಾದರೂ ಹೇಳೋ, ಶಿವಪ್ರಸಾದ ತಲೆ ತಗ್ಗಿಸಿ ಫೋನು ಒತ್ತುತ್ತಿದ್ದಾನೆ, ಅವ್ವ ಅವನನ್ನು ನೋಡಿದಳು, ಒಂದು ಗಳಿಗೆ, ಅಷ್ಟೇ, ಎಲ್ಲ ತಿಳಿದುಹೋಯಿತು ಅವಳಿಗೆ, ನಮ್ ಆನಂದಂಗೆ ಬುತ್ತಿ ತಂದಿದ್ದೆ ಕಣವ್ವ, ನೆಲ ಮಾಡ್ತಾವ್ನಲ್ಲ, ಅವ್ನೇ ನನ್ ಮಗ, ಓಹೋ, ಎಷ್ಟ್ ಜನ ಮಕ್ಳು, ಒಬ್ನೇ ಕಣವ್ವ, ಅಂದು ಬೆರಳೆತ್ತಿ ತೋರಿಸಿದಳು, ಒಂದು ಬೆರಳು, ಬೆಳಿಗ್ಗೆ ಮುದ್ದೆ ತಿರುವಿದ ಹಿಟ್ಟು ಉಗುರಿನಲ್ಲಿ ಇನ್ನೂ ಹಾಗೇ ಇತ್ತು — ಆನಂದ ದಾರದ ಮೊಳೆಗೆ ಸುತ್ತಿಗೆ ಎತ್ತಿದ, ಹೊಡೆಯಲಾಗಲಿಲ್ಲ, ಒಬ್ನೇ ಅಂದಳು, ನಗುತ್ತಲೇ ಅಂದಳು, ಒಂದೇ ಬೆರಳು, ಹಿಟ್ಟು ಮೆತ್ತಿದ ಒಂದೇ ಬೆರಳು