ತೇವದ ಕಡಿತ

ಸೇರು ಹೋಗಿ ಕಿಲೋ ಬಂದ ಕಾಲ. ತೂಕದ ವಿಚಾರದಲ್ಲಿ ಹೆತ್ತ ತಾಯಿಯನ್ನೂ ನಂಬಬಾರದೆಂದು ಮೈಸೂರಿನವರು ತೀರ್ಮಾನಿಸಿದ್ದರು. ಅಂಥದ್ದರಲ್ಲಿ ಷಡಕ್ಷರಿ ಎಂಬ ಸರ್ಕಾರಿ ಅಧಿಕಾರಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿದ್ದ ಮರಿಸ್ವಾಮಿಯ ಅಂಗಳದಲ್ಲಿ ಗಾಜಿನ ಮುಚ್ಚಳದ ಪೆಟ್ಟಿಗೆಯೊಂದನ್ನು ಇಳಿಸಿದ. ಮರಗೆಣಸಿನ ಹೋಳುಗಳನ್ನು ಇನ್ನು ಬಂಡೆಯ ಮೇಲೆ ಹರವದೆ ಇದರೊಳಗೆ ಒಣಗಿಸಬೇಕು. ಬೂಷ್ಟು ಹಿಡಿಯುವುದಿಲ್ಲ, ಒಳ್ಳೆಯ ಬೆಲೆ ಸಿಗುತ್ತದೆ ಎಂದ. ಅರ್ಧ ಎಕರೆ ಗೆಣಸಿನಲ್ಲೇ ವರ್ಷ ದೂಡುತ್ತಿದ್ದ ಮರಿಸ್ವಾಮಿ ಒಪ್ಪಿಕೊಂಡ.

ಒಂದು ಕುಕ್ಕೆ ಬಂಡೆಗೆ, ಒಂದು ಕುಕ್ಕೆ ಪೆಟ್ಟಿಗೆಗೆ. ಒಣಗಿದ ಮೇಲೆ ತೂಗಿದರೆ ಪೆಟ್ಟಿಗೆಯದು ಕಮ್ಮಿ.

"ಯಾರೋ ಕದೀತಾವ್ರೆ," ಎಂದಳು ಹೆಂಡತಿ ಪುಟ್ಟತಾಯಮ್ಮ. "ಗಾಜಾಕಿ ತೋರ್ಸುದ್ರೆ ಇನ್ನೇನಾಯ್ತದೆ?"

ಮರಿಸ್ವಾಮಿ ಬೀಗ ಜಡಿದ. ಆಗಲೂ ಕಮ್ಮಿ. ಈಗ ಅನುಮಾನ ಷಡಕ್ಷರಿಯ ಕಡೆ ತಿರುಗಿತು. ಪೆಟ್ಟಿಗೆ ಕೊಟ್ಟವನ ಹತ್ತಿರ ಇನ್ನೊಂದು ಕೀಲಿ ಇಲ್ಲದಿರುತ್ತದೆಯೇ? ಬೀಗ ತಾನೇ ಕೊಂಡು ತಂದದ್ದು ಎಂಬ ಸಂಗತಿ ಈ ಯೋಚನೆಗೆ ಅಡ್ಡಿಯಾಗಲಿಲ್ಲ.

"ಹೋಗಿರೋದು ನೀರು ಕಣಯ್ಯ, ಗೆಣಸಲ್ಲ," ಎಂದ ಷಡಕ್ಷರಿ.

"ಓಗಿದ್ ನೋಡ್ದೋರು ಯಾರು ಸ್ವಾಮಿ?"

ಸಂತೇಪೇಟೆಯ ಮಂಡಿ ಸಾಹುಕಾರ ಏಕಾಂತಯ್ಯ, ಮರಿಸ್ವಾಮಿ ಮಾರಲು ತಂದ ಪೆಟ್ಟಿಗೆ ಮಾಲಿನ ಹೋಳೊಂದನ್ನು ಮುರಿದು ನೋಡಿದ. ಟಕ್ಕೆಂದಿತು. ಹಲ್ಲಿಗೆ ಕೊಟ್ಟು ನೋಡಿದ. ಹುಬ್ಬು ಗಂಟಿಕ್ಕಿತು.

"ಗೆಣಸು ಇಷ್ಟು ಬೆಳ್ಳಗಿರ್ತದೇನಯ್ಯ? ಸುಣ್ಣ ಬೆರ್ಸಿದ್ದೀಯೋ?"

"ಬಿಸ್ಲು ಬೆರ್ಸಿವ್ನಿ ಸಾವ್ಕಾರ್ರೆ. ಬೆಲೆ ಯೋಳಿ."

ಏಕಾಂತಯ್ಯ ಎಂದಿನ ಬೆಲೆಯನ್ನೇ ಹೇಳಿದ. ಮಾಲಿನಲ್ಲಿ ನೀರಿರುತ್ತದೆಂದು ಎಂದಿನಂತೆ ಮೂಟೆಗಿಷ್ಟು ತೂಕ ತೇವದ ಕಡಿತವನ್ನೂ ಮುರಿದುಕೊಂಡ.

"ತೇವ ಎಲ್ಲೈತೆ ಬುದ್ಧಿ?"

"ಮಾಲು ಒಣಗಿರಬೌದು. ಪದ್ಧತಿ ಒಣಗಿಲ್ಲವಲ್ಲ! ನಮ್ಮಪ್ಪನ ಕಾಲದಿಂದ ಕಡೀತಿದ್ದೀವಿ ಕಣಯ್ಯ."

ಮರಿಸ್ವಾಮಿ ಮನೆಗೆ ಬಂದು ಜಗಲಿಯ ಮೇಲೆ ಕುಕ್ಕರಿಸಿದ.

"ಬಂಡೆ ಮಾಲ್ಗಿಂತ ಕಮ್ಮಿ ಬಂತಾ?" ಎಂದು ಪುಟ್ಟತಾಯಮ್ಮ ಕೇಳಿದಳು.

"ಕಮ್ಮಿ. ಬಿಸ್ಲು ಒಂದ್ಸಲ ಕಡೀತು, ಸಾವ್ಕಾರ ಇನ್ನೊಂದ್ಸಲ."

ಮುಂದಿನ ಸಂತೆಯ ದಿನ ಬೆಳಿಗ್ಗೆ ಷಡಕ್ಷರಿ ಬಂದು ನೋಡಿದರೆ, ಪೆಟ್ಟಿಗೆಯಲ್ಲಿ ಗರಿಗರಿಯಾಗಿ ಒಣಗಿದ ಹೋಳುಗಳನ್ನು ಪುಟ್ಟತಾಯಮ್ಮ ಚಾಪೆಯ ಮೇಲೆ ಹರವಿ, ಚೊಂಬಿನಿಂದ ನೀರು ಚಿಮುಕಿಸುತ್ತಿದ್ದಳು.

"ಏನಮ್ಮಾ ಇದು? ಅಷ್ಟು ಚೆನ್ನಾಗಿ ಒಣಗಿದ್ದನ್ನ..."

"ತೇವಕ್ಕೆ ಅಂತ್ಲೇ ಕಡೀತಾರಲ್ಲ ಸ್ವಾಮಿ," ಎಂದಳು ಅವಳು ಕೈ ನಿಲ್ಲಿಸದೆ. "ಕಡಿಯೋಕೆ ಅವರಿಗೂ ಏನಾರಾ ಇರ್ಬೇಕಲ್ವಾ?"