ಎಲ್ಲರ ತೋಳಿಗೂ ಸುತ್ತಿಕೊಂಡವನು

ಬಿ.ಪಿ. ನೋಡುವಾಗ ನಿಮ್ಮ ತೋಳಿಗೊಂದು ಬಟ್ಟೆಯ ಪಟ್ಟಿ ಸುತ್ತುತ್ತಾರಲ್ಲ, ನಾನು ಅದೇ. ಹೊರಗೆ ಕಡುನೀಲಿ ಬಟ್ಟೆ, ಒಳಗೆ ರಬ್ಬರಿನ ಚೀಲ, ತುದಿಯಲ್ಲಿ ಚರ್ರೆಂದು ಬಿಡುವ ವೆಲ್ಕ್ರೋ. ನನ್ನನ್ನು ಹೊಲಿದದ್ದು ಯಾವ ಊರಿನಲ್ಲೋ ತಿಳಿಯದು. ಹೊಲಿದ ಹೆಂಗಸು ಕೊನೆಯ ದಾರವನ್ನು ಹಲ್ಲಿನಿಂದ ಕಡಿದದ್ದಷ್ಟೇ ನೆನಪು. ಮೊದಲೆರಡು ವರ್ಷ ಒಬ್ಬ ಡಾಕ್ಟರರ ಬಳಿ ಇದ್ದೆ. ಅವರು ದವಾಖಾನೆ ಮುಚ್ಚುವಾಗ ನನ್ನನ್ನು ಹುಬ್ಬಳ್ಳಿಯ ಒಂದು ವೃದ್ಧರ ಆರೈಕೆ ಮನೆಗೆ ಕೊಟ್ಟರು.

ಅಲ್ಲಿ ಇಪ್ಪತ್ತೆರಡು ಹಾಸಿಗೆ, ನಾನೊಬ್ಬನೇ ಪಟ್ಟಿ. ಪ್ರತಿದಿನ ಬೆಳಿಗ್ಗೆ ಸಿಸ್ಟರ್ ಫಿಲೋಮಿನಾ ಒಂದೊಂದೇ ತೋಳಿಗೆ ನನ್ನನ್ನು ಸುತ್ತುತ್ತಿದ್ದರು. ಆಯಾ ದ್ಯಾಮವ್ವ ಟ್ರೇ ಹಿಡಿದು ಹಿಂದೆ ಬರುತ್ತಿದ್ದಳು. ಮುದುಕರ ತೋಳು ಎತ್ತಿ ಹಿಡಿಯುವುದು ಅವಳ ಕೆಲಸ. ಆ ಹಿಡಿತಕ್ಕೆ ಯಾರೂ ನೋವೆಂದು ಮುಲುಗಿದ್ದನ್ನು ನಾನು ಕೇಳಲಿಲ್ಲ.

ಹನ್ನೊಂದನೆಯ ಹಾಸಿಗೆಯಲ್ಲಿ ಸಾಮುವೇಲಪ್ಪ ಇದ್ದರು. ರೇಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಈಗ ಎದ್ದು ಕೂರಲೂ ಆಗದವರು. ಬರುವಾಗಲೇ ಅವರ ಬೆರಳ ಸಂದುಗಳಲ್ಲಿ, ಮೊಣಕೈಯಲ್ಲಿ ಬೂದು ಬಣ್ಣದ ಹೊಪ್ಪಳೆ, ಒಣಗಿದ ಹಕ್ಕಳೆಯಂತೆ, ದಪ್ಪಗೆ ಕಟ್ಟಿತ್ತು. ಅವರು ತುರಿಸಿಕೊಳ್ಳುತ್ತಿರಲಿಲ್ಲ. ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ.

“ವಯಸ್ಸಾದ ಚರ್ಮ ಸಿಸ್ಟರ್, ಎಣ್ಣಿ ಹಚ್ಚಿದ್ರ ಮೆತ್ತಗಾಗ್ತೈತಿ” ಎಂದು ದ್ಯಾಮವ್ವ ದಿನವೂ ಕೊಬ್ಬರಿಎಣ್ಣೆ ಹಚ್ಚಿ, ಬರಿಗೈಯಿಂದ ತಿಕ್ಕಿ, ಬಿಸಿನೀರಿನಲ್ಲಿ ಒರೆಸುತ್ತಿದ್ದಳು. ನನ್ನನ್ನು ಬಿಚ್ಚಿದಾಗ ಹಿಟ್ಟು ಉದುರಿದಂತೆ ಹೊಟ್ಟು ಉದುರುತ್ತಿತ್ತು. ಫಿಲೋಮಿನಾ ನನ್ನನ್ನು ಒಮ್ಮೆ ಕೊಡವಿ ಹನ್ನೆರಡನೆಯ ಹಾಸಿಗೆಗೆ ಹೋಗುತ್ತಿದ್ದರು.

ಕೆಲವು ತಿಂಗಳ ಮೇಲೆ ದ್ಯಾಮವ್ವ ತಲೆ ಸಿಡಿಯುತ್ತಿದೆ, ನಿದ್ದೆಯಿಲ್ಲ ಎಂದಳು. ಫಿಲೋಮಿನಾ ಅವಳನ್ನು ಕೂರಿಸಿ ನನ್ನನ್ನು ಸುತ್ತಿದರು. ರವಿಕೆಯ ತೋಳು ಮೇಲೆ ಸರಿಸಿದಾಗ ಸಣ್ಣ ಕೆಂಪು ಗುಳ್ಳೆಗಳು ಕಂಡವು. ಬೆರಳ ಸಂದಿನಲ್ಲಿ, ಮಣಿಕಟ್ಟಿನಲ್ಲಿ ತುರಿಸಿ ತುರಿಸಿ ಗಾಯ.

“ಏನಿದು?”

“ಸೆಕಿ ಗುಳ್ಳಿರಿ.” ಸ್ವಲ್ಪ ತಡೆದು ಅವಳೇ ಹೇಳಿದಳು, “ಒಂದು ತಿಂಗಳಾತ್ರಿ. ಈಗ ಮಗಳಿಗೂ ಬಂದೈತಿ. ಮ್ಯಾನೇಜರ್ ಸಾಹೇಬ್ರಿಗೆ ಹೇಳಬ್ಯಾಡ್ರಿ. ಕೆಲಸ ಬಿಡಸ್ತಾರ.”

ನನ್ನೊಳಗೆ ಅವಳ ನಾಡಿ ಗುಬ್ಬಿಯಂತೆ ಹೊಡೆದುಕೊಳ್ಳುತ್ತಿತ್ತು. ಫಿಲೋಮಿನಾ ಒಂದು ಬಾಟಲಿ ಗುಲಾಬಿ ಬಣ್ಣದ ಲೋಷನ್ ಕೊಟ್ಟರು, ಯಾರಿಗೂ ಹೇಳುವುದಿಲ್ಲ ಎಂದರು. ಹೇಳಲೂ ಇಲ್ಲ. ಅದು ಕರುಣೆಯೆಂದೇ ಇಬ್ಬರೂ ತಿಳಿದರು.

ಮೂರು ವಾರವಾಗುವಷ್ಟರಲ್ಲಿ ಉಳಿದ ಆಯಾಗಳು ಊಟಕ್ಕೆ ಕೂರುವಾಗ ಅವಳಿಂದ ದೂರ ಸರಿದರು. ಒಬ್ಬಳು ಮ್ಯಾನೇಜರ್ ಶ್ರೀಶೈಲನಿಗೆ ಹೇಳಿದಳು. ಅವನು ದ್ಯಾಮವ್ವನನ್ನು ವಾರ್ಡಿನಲ್ಲೇ, ಎಲ್ಲರ ಎದುರೇ ನಿಲ್ಲಿಸಿದ.

“ನಿಮ್ಮ ಓಣ್ಯಾಗಿನ ಹುರುಕು ಇಲ್ಲಿಗೆ ತಂದೀ. ಮೈ ತೊಳಕೊಳ್ಳೋದು ಗೊತ್ತಿಲ್ಲೇನು? ನಾಳಿಂದ ಕೆಲಸಕ್ಕ ಬರಬ್ಯಾಡ.”

ದಿನಕ್ಕೆ ಆರು ಜನರ ಮೈ ತೊಳೆಯುವವಳು ಅವಳು. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಸಾಮುವೇಲಪ್ಪಾರ ಉಗುರು ಇವತ್ತು ತೆಗೀಬೇಕಿತ್ರಿ” ಎಂದು ಫಿಲೋಮಿನಾಗೆ ಹೇಳಿ ಹೊರಟುಹೋದಳು. ಫಿಲೋಮಿನಾ ನನ್ನನ್ನು ಸುರುಳಿ ಸುತ್ತುತ್ತ ತಲೆ ತಗ್ಗಿಸಿ ನಿಂತಿದ್ದರು.

ಅವಳು ಹೋದ ಮೇಲೂ ತುರಿಕೆ ನಿಲ್ಲಲಿಲ್ಲ. ಅಡುಗೆಯವಳಿಗೆ ಬಂತು, ಇಬ್ಬರು ಅಜ್ಜಿಯರಿಗೆ ಬಂತು. ಒಂದು ದಿನ ಫಿಲೋಮಿನಾ ನನ್ನ ಗಾಳಿ ಬಿಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ ತಮ್ಮ ಮಣಿಕಟ್ಟಿನ ಕೆಂಪು ಗುಳ್ಳೆಗಳನ್ನು ನೋಡಿಕೊಂಡರು. ಮಧ್ಯಾಹ್ನವೇ ಚರ್ಮದ ಡಾಕ್ಟರರ ಬಳಿ ಹೋದರು.

ಡಾಕ್ಟರ್ ನಸ್ರೀನ್ ತಾವೇ ಬಂದು ಒಬ್ಬೊಬ್ಬರನ್ನೂ ನೋಡಿದರು. ಹನ್ನೊಂದನೆಯ ಹಾಸಿಗೆಯ ಬಳಿ ಬಹಳ ಹೊತ್ತು ನಿಂತರು. ಸಾಮುವೇಲಪ್ಪನವರ ಹೊಪ್ಪಳೆಯನ್ನು ಚೂರು ಕೆರೆದು ಗಾಜಿನ ಮೇಲೆ ಹಾಕಿ ಒಯ್ದರು. ಮರುದಿನ ಮರಳಿ ಬಂದು ಶ್ರೀಶೈಲನಿಗೆ ಹೇಳಿದರು.

“ಇದು ಕಜ್ಜಿ. ಕಣ್ಣಿಗೆ ಕಾಣದಂಥ ಹುಳು ಚರ್ಮದಾಗ ಬಿಲ ತೋಡಿ ಮೊಟ್ಟಿ ಇಡ್ತಾವ. ಬ್ಯಾರೆಯವರ ಮೈಯಾಗ ಹತ್ತು ಹದಿನೈದು ಇದ್ರ, ಇವರ ಮೈಯಾಗ ಸಾವಿರಗಟ್ಟಲೆ ಅದಾವ. ಮೈಯಾಗ ಶಕ್ತಿ ಇಲ್ಲ, ಅದಕ್ಕ ತುರಿಕಿ ಗೊತ್ತಾಗಿಲ್ಲ.”

“ಆ ದ್ಯಾಮವ್ವನಿಂದ ಬಂದದ್ದಲ್ರಿ?”

“ಇವರು ಬರೂ ಮುಂದನ ಕೈ ಹಿಂಗಿತ್ತಂತಲ್ಲ. ಆಕಿ ತಂದಿಲ್ಲ. ಇಲ್ಲಿಂದ ಮನಿಗೆ ಒಯ್ದಾಳ.”

ಆಮೇಲೆ ಅವರ ಕಣ್ಣು ಟ್ರೇಯ ಮೇಲೆ ಬಿತ್ತು. “ಈ ಪಟ್ಟಿ ಎಲ್ಲರಿಗೂ ಒಂದೇ ಏನು? ಯಾವಾಗ ತೊಳದಿದ್ರಿ?”

ಹಾಸಿಗೆಯ ಚಾದರಗಳನ್ನು ವಾರಕ್ಕೊಮ್ಮೆ ಒಗೆಯುತ್ತಿದ್ದರು. ನನ್ನನ್ನು ಆರು ವರ್ಷದಲ್ಲಿ ಒಮ್ಮೆಯೂ ಒಗೆದಿರಲಿಲ್ಲ. ನಾಡಿ ಕೇಳುವುದಷ್ಟೇ ನನ್ನ ಕೆಲಸವೆಂದು ಹೆಮ್ಮೆಪಟ್ಟಿದ್ದೆ. ಹುಳುವನ್ನೂ ಹೊತ್ತು ತಿರುಗುತ್ತಿದ್ದೇನೆಂಬುದು ಅಂದು ತಿಳಿಯಿತು.

ಒಂದೇ ದಿನ ಎಲ್ಲರಿಗೂ ಕುತ್ತಿಗೆಯಿಂದ ಪಾದದವರೆಗೆ ಮುಲಾಮು ಹಚ್ಚಬೇಕು, ವಾರ ಬಿಟ್ಟು ಮತ್ತೊಮ್ಮೆ; ಆಯಾಗಳ ಮನೆಯವರಿಗೂ ಕೊಡಬೇಕು ಎಂದರು ಡಾಕ್ಟರ್. ಮನೆಯವರಿಗೆ ಏಕೆಂದು ಶ್ರೀಶೈಲ ಕೇಳಿದ.

“ಕೆಲಸದಿಂದ ಬಂದ ರೋಗ. ಕೆಲಸ ಕೊಟ್ಟವರೇ ಔಷಧಾನೂ ಕೊಡಬೇಕು.”

ಹುಳು ಸಾಯಲೆಂದು ನನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಚೇರಿಯ ಕಪಾಟಿನ ಮೇಲೆ ಹತ್ತು ದಿನ ಇಟ್ಟರು. ಅಲ್ಲಿದ್ದಾಗಲೇ ಫಿಲೋಮಿನಾ ದ್ಯಾಮವ್ವನನ್ನು ಕರೆತಂದರು. ಅವಳು ಹೊಸ್ತಿಲ ಹೊರಗೇ ನಿಂತಳು.

“ಔಷಧ ಇಸ್ಕೋತೀನ್ರಿ. ಕೆಲಸಕ್ಕ ಬರಬೇಕಂದ್ರ ನಾನು ತಂದಿಲ್ಲಂತ ಎಲ್ಲರ ಮುಂದ ಹೇಳ್ರಿ ಸಾಹೇಬ್ರ. ಸಾಲ್ಯಾಗ ನನ್ನ ಮಗಳ ಬಾಜೂ ಯಾರೂ ಕೂಡವಲ್ರು.”

ಶ್ರೀಶೈಲ ಕಾಗದ ತಿರುವಿದ. “ಆದದ್ದು ಆತು. ನಾಳಿಂದ ಬಾ.”

ಫಿಲೋಮಿನಾ ಅಲ್ಲಿಂದಲೇ ಆಯಾಗಳನ್ನೆಲ್ಲ ಕೂಗಿ ಕರೆದರು. “ರೋಗ ನಮ್ಮ ಮನಿಯಿಂದ ಇವಳ ಮನಿಗೆ ಹೋಗೇತಿ. ಇವಳು ನನಗ ಮೊದಲ ತೋರಿಸಿದ್ಲು. ಡಾಕ್ಟರ್ ಕಡೆ ಕಳಸೋದು ಬಿಟ್ಟು ನಾನು ಸುಮ್ಮನಾದೆ. ತಪ್ಪು ನಂದು.” ದೂರ ಸರಿದಿದ್ದ ಆಯಾಗಳಲ್ಲಿ ಯಾರೂ ತಲೆ ಎತ್ತಲಿಲ್ಲ.

ದ್ಯಾಮವ್ವ ಬಂದಳು. ಸಾಮುವೇಲಪ್ಪನವರನ್ನು ಬೇರೆ ಕೋಣೆಗೆ ಹಾಕಿದ್ದರು; ಅಲ್ಲಿ ನಡೆದದ್ದನ್ನು ನಾನು ಆಮೇಲೆ ಫಿಲೋಮಿನಾರ ಬಾಯಲ್ಲಿ ಕೇಳಿದೆ. ಅಂಜಿಕೆಯಿಂದ ಯಾರೂ ಸರಿಯಾಗಿ ಸ್ನಾನ ಮಾಡಿಸಿರಲಿಲ್ಲ. ಕೈಗವಸು, ಉದ್ದ ಅಂಗಿ ತೊಟ್ಟು ಅವಳು ಒಳಗೆ ಹೋದಾಗ ಅವರು ಆ ಕೈಗವಸನ್ನು ಮುಟ್ಟಿ ನೋಡಿದರು.

“ನಿನಗೂ ನನ್ನ ಕಂಡ್ರ ಹೇಸಿಕಿ ಆತೇನು ದ್ಯಾಮವ್ವ?”

“ಇಲ್ರಿ ಅಜ್ಜಾರ. ನನ್ನ ಮಗಳ ಸಲುವಾಗಿ” ಎಂದು ಅವಳು ಹೊಪ್ಪಳೆ ನೆನೆಸತೊಡಗಿದಳು. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ತಮ್ಮಿಂದ ಯಾರಿಗೆ ಏನಾಯಿತೆಂದು ಅವರಿಗೆ ಆಗ ಅರ್ಥವಾಗಿರಬೇಕು.

ಎರಡು ತಿಂಗಳಿಗೆ ಅವರ ಬೆರಳು ಬಿಡಿಸಿಕೊಂಡವು, ಚಹದ ಲೋಟ ತಾವೇ ಹಿಡಿದರು. ಡಾಕ್ಟರ್ ಇನ್ನು ಹುಳುವಿಲ್ಲ ಎಂದ ಮರುದಿನ ದ್ಯಾಮವ್ವ ಕೆಲಸ ಬಿಟ್ಟಳು. ಫಿಲೋಮಿನಾ ಎಷ್ಟೋ ಕೇಳಿಕೊಂಡರು. “ನೀವು ಹೇಳಿದ್ರಿ. ಸಾಹೇಬ್ರು ಹೇಳಲಿಲ್ಲಲ್ರಿ” ಎಂದಳು, ಅಷ್ಟೇ. ಈಗ ಒಂದು ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳಂತೆ.

ಈಗ ಒಬ್ಬೊಬ್ಬರಿಗೂ ಬೇರೆ ಬೇರೆ ಪಟ್ಟಿ ಬಂದಿದೆ. ನನ್ನ ರಬ್ಬರು ಸೀಳಿದೆ, ವೆಲ್ಕ್ರೋ ಅಂಟುವುದಿಲ್ಲ. ಫಿಲೋಮಿನಾರ ಮೇಜಿನ ಕೆಳಗೆ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿದ್ದೇನೆ. ನಾನು ಹೊತ್ತದ್ದು ಅಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲ, ಒಬ್ಬ ಬಡ ಹೆಂಗಸಿನ ಕೈ ಮಾತ್ರ ಬಿತ್ತು. ಅದು ನನ್ನನ್ನು ಕೊರೆಯುತ್ತದೆ.

ಮೊನ್ನೆ ಹೊಸದಾಗಿ ಸೇರಿದ ಆಯಾ ಒಬ್ಬಳು ಮೇಜಿನ ಮುಂದೆ ಬಂದು ನಿಂತಳು. ಬೆರಳ ಸಂದಿನ ಒಂದು ಗುಳ್ಳೆ ತೋರಿಸಿ, “ಸಾಹೇಬ್ರಿಗೆ ಹೇಳಬ್ಯಾಡ್ರಿ ಸಿಸ್ಟರ್” ಎಂದಳು.

ಫಿಲೋಮಿನಾ ಕುರ್ಚಿ ಸರಿಸಿ ಎದ್ದರು. “ಚಪ್ಪಲಿ ಹಾಕ್ಕೋ. ದವಾಖಾನಿಗೆ ನಾನೂ ಬರ್ತೀನಿ. ಹೋಗೂ ದಾರ್ಯಾಗ ಸಾಹೇಬ್ರಿಗೆ ನಾನ ಹೇಳ್ತೀನಿ.”