ಗುರುತು ಹೇಳಲು ಬಂದವನು

“ಅಜ್ಜನ ಹೆಸರು?”

“ಗಜಸಿಂಗ್ ಬೋಹರಾ.”

“ಊರು?”

“ಸಿಮಲಗಾಂವ್, ಜಿಲ್ಲಾ ಅಛಾಮ್. ಮನಿ ಹಿಂದ ಹಳ್ಳ ಐತಿ, ಹಳ್ಳದ ಆಚೀಕಡೆ ದೇವಿ ಗುಡಿ. ಅಪ್ಪಾ, ಸಾಕಿನ್ನ. ನರ್ಸಿಂಗ್ ಪರೀಕ್ಷಾಕ್ಕೂ ಇಷ್ಟು ಓದಿದ್ದಿಲ್ಲ ನಾ.”

“ನೇಪಾಳಿಯಾಗ ಹೇಳು ಅಂದ್ರ ಕನ್ನಡದಾಗ ಹೇಳ್ತಿಯಲ್ಲ,” ಎಂದು ಪದಮ್ ಮಗಳನ್ನು ಬೈದ. ತಾನೂ ಕನ್ನಡದಲ್ಲೇ ಬೈದದ್ದು ಅವನ ಗಮನಕ್ಕೆ ಬರಲಿಲ್ಲ.

ಗಂಗಾವತಿಯ ಹಂಪಣ್ಣನವರ ಅಕ್ಕಿ ಮಿಲ್ಲಿನ ಹಿಂದೆ, ತೌಡಿನ ಗೋದಾಮಿಗೆ ಅಂಟಿಕೊಂಡ ಎರಡು ಕೋಣೆಗಳ ಮನೆ ಅವರದು. ಹದಿನಾಲ್ಕರ ಹುಡುಗನಾಗಿದ್ದಾಗ ಊರಿನವನೊಬ್ಬನ ಬೆನ್ನು ಹತ್ತಿ ನೇಪಾಳ ಬಿಟ್ಟ ಪದಮ್, ಅಲ್ಲಿ ಇಲ್ಲಿ ತಾಟು ತೊಳೆದು ಕೊನೆಗೆ ಈ ಮಿಲ್ಲಿನ ಗೇಟಿಗೆ ಕಾವಲುಗಾರನಾಗಿ ಬಂದು ನಿಂತ. ನಿಂತವನು ನಿಂತೇ ಬಿಟ್ಟ. ಊರವರ ಬಾಯಲ್ಲಿ ಅವನು ಬಾದ್ದೂರ, ಅವನ ಮಗಳು ಪಂಫಾ ಪಂಪವ್ವ. ಮಗಳಂತೂ ಬಾಯಿ ತೆರೆದರೆ ಗಂಗಾವತಿಯ ಸಂತೆಯೇ ಎದ್ದು ಬಂದಂತೆ ಮಾತಾಡುತ್ತಿದ್ದಳು. ಮುಖ ನೋಡಿ ಹಿಂದಿಯಲ್ಲಿ ಮಾತಾಡಿಸಿದ ಎಷ್ಟೋ ಮಂದಿ ಅವಳ ಉತ್ತರ ಕೇಳಿ ಪೆಚ್ಚಾಗಿ ನಕ್ಕಿದ್ದರು.

ನೇಪಾಳದಲ್ಲಿ ಹದಿನಾರು ತುಂಬಿದವರಿಗೆ ಪೌರತ್ವದ ಕಾಗದ ಕೊಡುತ್ತಾರೆ. ಆ ವಯಸ್ಸಿನಲ್ಲಿ ಪದಮ್ ಹೊಸಪೇಟೆಯ ಖಾನಾವಳಿಯೊಂದರಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಆಮೇಲೂ ಆ ಕಾಗದದ ಅಗತ್ಯ ಬೀಳಲಿಲ್ಲ. ಕಾಗದವಿಲ್ಲದೆಯೇ ಗಡಿ ದಾಟಿ ಹೋಗಿ ಮದುವೆಯಾಗಿ ಬಂದ. ಕಾಗದವಿಲ್ಲದೆಯೇ ಅದೇ ಹೆಂಡತಿಯನ್ನು ತುಂಗಭದ್ರೆಯ ದಂಡೆಯಲ್ಲಿ ಸುಟ್ಟು ಬಂದ. ನೀನು ಎಲ್ಲಿಯವನಪ್ಪಾ ಎಂದು ಆಗ ಯಾರೂ ಕೇಳಲಿಲ್ಲ.

ಕೇಳಿದ್ದು ಈಗ, ಅದೂ ಮಗಳನ್ನು. ನರ್ಸಿಂಗ್ ಮುಗಿಸಿದವಳು ಹೆಸರು ನೋಂದಾಯಿಸಲು ಹೋದರೆ, ನೇಪಾಳದವಳೆಂದು ಬರೆದಿದ್ದೀಯಲ್ಲ, ಹಾಗಾದರೆ ಆ ದೇಶದ ಕಾಗದ ತಾ ಎಂದರು. ಅದಿಲ್ಲದೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ಯಾವ ಆಸ್ಪತ್ರೆಯವರೂ ಕೆಲಸ ಕೊಡುವುದಿಲ್ಲ. ಇಲ್ಲಿ ಹುಟ್ಟಿದ ಮಾತ್ರಕ್ಕೆ ಅವಳು ಇಲ್ಲಿಯವಳಾಗುವುದಿಲ್ಲ ಎಂದು ವಕೀಲರು ಕೈಚೆಲ್ಲಿದರು. ಮಿಲ್ಲಿನ ಗುಮಾಸ್ತ ಪಂಪಾಪತಿ ಮಾತ್ರ, “ಇಲ್ಲಿಯಾಕಿನ ಅಂತ ಬರಸೂಣೇಳೋ ಬಾದ್ದೂರ, ಯಾವನ್ ಕೇಳ್ತಾನ,” ಎಂದು ಧೈರ್ಯ ಹೇಳಿದ. ಪದಮ್ ಒಪ್ಪಲಿಲ್ಲ. ಯಾವನಾದರೂ ಕೇಳಿದ ದಿನ ಜೈಲಿಗೆ ಹೋಗುವವಳು ಪಂಪಾಪತಿಯ ಮಗಳಲ್ಲವಲ್ಲ.

ಉಳಿದದ್ದು ಒಂದೇ ದಾರಿ. ಊರಿನಲ್ಲಿರುವ ಅಣ್ಣ ಧನಸಿಂಗ್ ಜಿಲ್ಲೆಯ ಸಾಹೇಬರ ಮುಂದೆ ನಿಂತು, ಇವನು ನನ್ನ ತಮ್ಮ, ಇವಳು ಇವನ ಮಗಳು ಎಂದು ಗುರುತು ಹೇಳಬೇಕು. ಫೋನಿನಲ್ಲಿ ಕೇಳಿದಾಗಲೆಲ್ಲ ಅಣ್ಣ ನೋಡೋಣ, ನೋಡೋಣ ಎನ್ನುತ್ತಿದ್ದ. ಪಕ್ಕದ ಹಳ್ಳಿಯವನೊಬ್ಬ ಯಾರನ್ನೋ ತನ್ನ ಕುಲದವರೆಂದು ಸಾಕ್ಷಿ ಹೇಳಿ, ಅವರು ಹೊರಗಿನವರೆಂದು ತಿಳಿದು, ಬೇಡಿ ಹಾಕಿಸಿಕೊಂಡು ಹೋಗಿದ್ದನಂತೆ. ಕೊನೆಗೆ ಬೆಂಗಳೂರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ ತನ್ನ ಮಗನ ಬಳಿಗೆ ಬಂದಾಗ, “ಹುಡುಗಿಯನ್ನು ಒಮ್ಮೆ ಕಣ್ಣಾರೆ ನೋಡುತ್ತೇನೆ, ಆಮೇಲೆ ಹೇಳುತ್ತೇನೆ,” ಎಂದ. ಅವನು ಬರುವುದು ಈ ಬೆಳಿಗ್ಗೆ. ಅದಕ್ಕೇ ಈ ಪರೀಕ್ಷೆ.

ಹೊರಗೆ ಆಟೋ ನಿಂತ ಸದ್ದಾಯಿತು. ಅಷ್ಟರಲ್ಲಿ ಹಂಪಣ್ಣನವರ ಹೆಂಡತಿ ವಿರೂಪಾಕ್ಷಮ್ಮ ಮಂಡಕ್ಕಿ ಒಗ್ಗರಣಿ, ಮಿರ್ಚಿ ತುಂಬಿದ ತಾಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದರು. ತಾಯಿ ಸತ್ತಾಗ ಪಂಫಾ ಇನ್ನೂ ಒಂದನೆಯ ಇಯತ್ತೆಯ ಹುಡುಗಿ. ಅಂದಿನಿಂದ ಉಂಡದ್ದು, ಮಲಗಿದ್ದು, ಏಟು ತಿಂದದ್ದು ಎಲ್ಲ ವಿರೂಪಾಕ್ಷಮ್ಮನ ಮನೆಯಲ್ಲೇ. ಅವರನ್ನು ಅವಳು ಕರೆಯುತ್ತಿದ್ದದ್ದು ದೊಡ್ಡವ್ವ ಎಂದು.

ಧನಸಿಂಗ್ ಬೋಹರಾ ತಲೆಯ ಮೇಲೆ ಬಣ್ಣದ ಟೋಪಿ, ಕೈಯಲ್ಲಿ ಒಂದು ಚೀಲ ಹಿಡಿದು ಒಳಗೆ ಬಂದ. ಪದಮ್ ಅಣ್ಣನ ಪಾದಕ್ಕೆ ಹಣೆ ಹಚ್ಚಿದ. ಎದ್ದವನನ್ನು ಅಣ್ಣ ಭುಜ ಹಿಡಿದು ನೋಡಿದ, ಮತ್ತೆ ನೋಡಿದ. ಇಬ್ಬರ ಕಣ್ಣೂ ತುಂಬಿದವು. ವಿರೂಪಾಕ್ಷಮ್ಮ ಮೂಗಿಗೆ ಸೆರಗು ಒತ್ತಿಕೊಂಡು, ಪಂಫಾಳ ಬೆನ್ನಿಗೆ ಮೆಲ್ಲಗೆ ತಿವಿದರು.

“ಏನ್ ನೋಡ್ಕೊಂತ ನಿಂತಿ. ಹೋಗು, ದೊಡ್ಡಪ್ಪನ ಕಾಲಿಗಿ ಬೀಳು.”

ಪದಮ್ ಬೇಡವೆನ್ನಲು ಮುಂದೆ ನುಗ್ಗಿದ. ಕೈ ಅಡ್ಡ ಚಾಚುವಷ್ಟರಲ್ಲಿ ಹುಡುಗಿ ಬಗ್ಗಿಯಾಗಿತ್ತು. ಎರಡೂ ಕೈಯಿಂದ ದೊಡ್ಡಪ್ಪನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಕೆಂಡ ತುಳಿದವನ ಹಾಗೆ ಧನಸಿಂಗ್ ಹಿಂದಕ್ಕೆ ಹಾರಿದ. ಚೀಲ ಕೆಳಗೆ ಬಿತ್ತು. “ನಾರಾಯಣ, ನಾರಾಯಣ,” ಎನ್ನುತ್ತ ಹೊಸ್ತಿಲು ದಾಟಿ ಅಂಗಳಕ್ಕೆ ಹೋಗಿ ನಿಂತುಬಿಟ್ಟ.

ಬೋಹರಾಗಳ ಕುಲದಲ್ಲಿ ಹೆಣ್ಣುಮಕ್ಕಳು ತವರಿನ ಯಾರ ಕಾಲಿಗೂ ಬೀಳುವುದಿಲ್ಲ. ಅಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ಹುಡುಗಿಯ ಕಾಲಿಗೇ ಬೀಳಬೇಕು, ಹಬ್ಬದ ದಿನ ಅವಳ ಪಾದ ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು. ಅವಳಿಂದ ಕಾಲು ಮುಟ್ಟಿಸಿಕೊಂಡವನಿಗೆ ಪಾಪ. ಅಜ್ಜನ ಹೆಸರು, ಹಳ್ಳ, ಗುಡಿ ಎಲ್ಲವನ್ನೂ ಬಾಯಿಪಾಠ ಮಾಡಿಸಿದ ಪದಮ್ ಇದೊಂದನ್ನು ಹೇಳಿರಲಿಲ್ಲ. ಹೇಗೆ ಹೇಳಿಯಾನು? ಹೆಂಡತಿ ಸತ್ತ ವರ್ಷದ ಯುಗಾದಿಗೆ, ವಿರೂಪಾಕ್ಷಮ್ಮ ಹೊಸ ಲಂಗ ತೊಡಿಸಿ ಕಳಿಸಿದ ಮಗಳು ಓಡಿ ಬಂದು ಅವನ ಕಾಲು ಮುಟ್ಟಿದ್ದಳು. ಅವನೂ ಹೀಗೇ ಹಿಂದೆ ಹಾರಿದ್ದ. “ಹುಚ್ಚು ಹಿಡದೈತೇನೋ, ಆಶೀರ್ವಾದ ಮಾಡು,” ಎಂದು ವಿರೂಪಾಕ್ಷಮ್ಮ ಗದರಿದ್ದರು. ತಾಯಿಯಿಲ್ಲದ ಕೂಸಿನ ಮುಖ ನೋಡಿ ಅವನು ಅದರ ತಲೆಯ ಮೇಲೆ ಕೈಯಿಟ್ಟಿದ್ದ. ಆಮೇಲೆ ಅದು ರೂಢಿಯಾಯಿತು. ನಿಜ ಹೇಳಬೇಕೆಂದರೆ ಹಿತವೂ ಆಗತೊಡಗಿತ್ತು.

ಅವನು ಅಣ್ಣನ ಹಿಂದೆ ಓಡಿದ. ಅಂಗಳದಲ್ಲಿ ಇಬ್ಬರೂ ತಮ್ಮ ಭಾಷೆಯಲ್ಲಿ ಮಾತಿಗೆ ನಿಂತರು.

“ನಮ್ಮ ಮನೆಯ ಹೆಣ್ಣುಮಗಳು ಹೀಗೆ ಮಾಡುತ್ತಾಳೇನು?” ಎಂದ ಧನಸಿಂಗ್. “ನನ್ನ ತಲೆಗೆ ಪಾಪ ಕಟ್ಟಿದಳಲ್ಲ.”

“ಗೊತ್ತಿಲ್ಲದೆ ಮಾಡಿದಳು ಅಣ್ಣಾ.”

“ನಾನು ಹೇಳುವುದೂ ಅದೇ. ಗೊತ್ತಿಲ್ಲ. ನಿನ್ನ ಗುರುತು ಹೇಳು ಎಂದರೆ ಈಗಲೇ ಹೇಳುತ್ತೇನೆ, ಅಪ್ಪನ ಮೂಗು ನಿನ್ನ ಮುಖದ ಮೇಲಿದೆ. ಅವಳ ಗುರುತು ಹೇಗೆ ಹೇಳಲಿ? ಕಚೇರಿಯಲ್ಲಿ ಅಷ್ಟು ಜನರ ಎದುರಿಗೆ ಹೀಗೆ ಬಗ್ಗಿಬಿಟ್ಟರೆ ಮುಗಿಯಿತು. ಯಾರ ಮಗಳನ್ನೋ ಹಿಡಿದು ತಂದಿದ್ದಾನೆ ಎನ್ನುತ್ತಾರೆ. ಬೇಡಿ ಬೀಳುವುದು ನನ್ನ ಕೈಗೆ.”

ಪದಮನಿಗೆ ಸಿಟ್ಟು ಬಂತು. ಅಣ್ಣನೆದುರು ಜೀವಮಾನದಲ್ಲಿ ದನಿ ಎತ್ತರಿಸಿದವನಲ್ಲ.

“ಅವಳ ತಾಯಿ ಸತ್ತಾಗ ನೀವು ಯಾರು ಬಂದಿರಿ? ಇದು ನಮ್ಮ ರೀತಿ, ಇದು ನಮ್ಮ ಪದ್ಧತಿ ಎಂದು ಕಲಿಸುವವರು ಯಾರಿದ್ದರು? ಅನ್ನ ಇಟ್ಟವರು ತಮಗೆ ಗೊತ್ತಿದ್ದನ್ನು ಕಲಿಸಿದರು. ಅದರಲ್ಲಿ ಏನು ತಪ್ಪು?”

“ತಪ್ಪೆಂದು ನಾನೆಲ್ಲಿ ಅಂದೆ,” ಎಂದ ಧನಸಿಂಗ್. ಮುದುಕನ ದನಿ ಇಳಿದಿತ್ತು. “ಚೆನ್ನಾಗಿಯೇ ಬೆಳೆಸಿದ್ದಾರೆ. ಅವರ ಹುಡುಗಿಯನ್ನಾಗಿ ಬೆಳೆಸಿದ್ದಾರೆ. ಮಧ್ಯಾಹ್ನ ಒಂದು ಬಸ್ಸಿದೆಯಂತಲ್ಲ, ನನ್ನನ್ನು ಅದಕ್ಕೆ ಹತ್ತಿಸು.”

ಪಂಫಾ ಬಾಗಿಲಿಗೆ ಬಂದು ನಿಂತಿದ್ದಳು. ನೇಪಾಳಿ ಮಾತಾಡಲು ನಾಲಿಗೆ ತಡವರಿಸಿದರೂ ಕೇಳಿದರೆ ಅವಳಿಗೆ ಎಲ್ಲವೂ ತಿಳಿಯುತ್ತಿತ್ತು. ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಶಬ್ದ ಹುಡುಕಿ ಹುಡುಕಿ, ತಂದೆಯ ಭಾಷೆಯಲ್ಲಿ ಕೇಳಿದಳು: “ದೊಡ್ಡಪ್ಪಾ, ಈಗ ನಾನು ಏನು ಮಾಡಲಿ?”

ಧನಸಿಂಗ್ ತಿರುಗಿ ನೋಡಿದ. ಆ ಹರಕು ಮಾತು ಅವನನ್ನು ಎಲ್ಲಿ ತಾಗಿತೋ, ನಿಟ್ಟುಸಿರು ಬಿಟ್ಟು ಒಳಗೆ ಬಂದ. ಚೀಲವನ್ನು ಎತ್ತಿ ಗೋಡೆಗಿಟ್ಟು ಟೋಪಿ ಸರಿ ಮಾಡಿಕೊಂಡ.

“ನೀನು ಮಾಡುವುದೇನಿಲ್ಲ ಮಗಾ. ನನ್ನ ಮೇಲೆ ಹೊರಿಸಿದ ಪಾಪವನ್ನು ನಾನೇ ಇಳಿಸಿಕೊಳ್ಳಬೇಕು. ನೀನು ಸುಮ್ಮನೆ ನಿಂತುಕೋ. ನಿಂತರೆ ಬೋಹರಾಗಳ ಮಗಳು. ಆಮೇಲೆ ಕಚೇರಿ ಕಡೆಯದು ನನಗೆ ಬಿಡು.”

ಹೀಗೆಂದು ಅವಳ ಪಾದಕ್ಕೆ ಬಾಗಿದ.

ಪಂಫಾ ಗಾಬರಿಯಾಗಿ ಹಿಂದೆ ಸರಿದಳು. ಎರಡೂ ಕೈ ತಾವಾಗಿ ಮುಂದೆ ಬಂದು ಮುದುಕನನ್ನು ಎತ್ತಲು ಹೋದವು. “ಬ್ಯಾಡ್ರಿ, ಬ್ಯಾಡ್ರಿ,” ಎಂಬ ಕನ್ನಡ ಬಾಯಿಂದ ಉದುರಿತು. ಧನಸಿಂಗ್ ಬಾಗಿದವನು ಅರ್ಧಕ್ಕೇ ಎದ್ದು ನಿಂತು, ತಮ್ಮನ ಮುಖ ನೋಡಿದ. ನೋಡು, ನಾನು ಹೇಳಲಿಲ್ಲವೇ ಎಂಬಂತಿತ್ತು ಆ ನೋಟ.

ವಿರೂಪಾಕ್ಷಮ್ಮನಿಗೆ ಇನ್ನು ತಡೆಯಲಾಗಲಿಲ್ಲ. “ಏನೋ ಇದು ಪದಮಾ? ಒಮ್ಮಿ ಹೊರಗ ಓಡ್ತಾನ, ಒಮ್ಮಿ ಸಣ್ಣ ಹುಡುಗಿ ಕಾಲಿಗಿ ಬೀಳಾಕ ಬರ್ತಾನ. ನಿಮ್ಮಣ್ಣಗ ಆರಾಮ ಐತಿಲ್ಲೋ?”

ಪದಮ್ ಕೈ ಮುಗಿದುಕೊಂಡೇ ಹೇಳಿದ. “ನಮ್ಮಲ್ಲಿ ಹಂಗ ಐತ್ರಿ ಅಕ್ಕಾರ. ಹೆಣ್ಣುಮಕ್ಕಳು ದೇವರಿದ್ದಂಗ. ನಾವ ಅವರ ಕಾಲಿಗಿ ಬೀಳಬೇಕು. ಈಕಿ ಬಿದ್ದದ್ದು ನೋಡಿ, ಈಕಿ ನಮ್ಮಾಕಿ ಅಲ್ಲ ಅನ್ನಾಕತ್ಯಾನ.”

“ನಿಮ್ಮಾಕಿ ಅಲ್ದ ಇನ್ನ್ಯಾರಾಕಿ? ಹಿರೇರಿಗಿ ಮರ್ಯಾದಿ ಕೊಡು ಅಂತ ನಾನ ಕಲಿಸೀನಿ. ಬೈಯೂದಿದ್ರ ನನಗ ಬೈ ಅನ್ನು.” ಅವರು ಧನಸಿಂಗನ ಕಡೆ ತಿರುಗಿದರು. “ಆದ್ರ ಇದೊಂದು ಬ್ಯಾಡ. ಹಿರೇರು ಬಂದು ಸಣ್ಣವರ ಕಾಲಿಗಿ ಬಿದ್ರ ಸಣ್ಣವರ ಆಯುಷ್ಯ ಕಮ್ಮಿ ಆಗ್ತೈತಿ. ಅವ್ವನ್ನ ತಿಂದ ಮನಿ ಇದು. ಈ ಕೂಸಿನ ಮ್ಯಾಲೆ ಅಂಥಾದ್ದೊಂದು ನಾ ಬರಗೊಡೂದಿಲ್ಲ.”

ಅತ್ತ ಪಾಪ, ಇತ್ತ ಆಯುಷ್ಯ. ಎರಡು ಕಡೆಯವರೂ ಹುಡುಗಿಯ ಒಳ್ಳೆಯದಕ್ಕೇ ಹೆದರಿದ್ದರು.

“ಅಕ್ಕಾರ,” ಎಂದ ಪದಮ್, “ನಮ್ಮಣ್ಣ ಬಸ್ ಹತ್ತಿದ ಅಂದ್ರ ಮುಗೀತ್ರಿ. ಈಕಿ ಆ ಊರಿಗೂ ಇಲ್ಲ, ಈ ಊರಿಗೂ ಇಲ್ಲ. ಓದಿದ್ದೆಲ್ಲ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆಗ್ತೈತಿ. ಗೇಟ್ ಕಾಯೂದು ನನಗ ಇರಲಿ. ನನ್ನ ಮಗಳಿಗಿ ಬ್ಯಾಡ್ರಿ.”

ಮಿಲ್ಲಿನ ಯಂತ್ರದ ಸದ್ದು ಗೋಡೆ ದಾಟಿ ಬರುತ್ತಿತ್ತು. ತಾಟಿನಲ್ಲಿ ಮಿರ್ಚಿ ಆರಿ ಹೋಗಿತ್ತು. ಪಂಫಾ ತಂದೆಯ ಕಡೆ ನೋಡಲಿಲ್ಲ, ದೊಡ್ಡಪ್ಪನ ಕಡೆಗೂ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ವಿರೂಪಾಕ್ಷಮ್ಮನನ್ನು. ಚಿಕ್ಕವಳಿದ್ದಾಗ ಹೊರಗೆ ಆಡಲು ಹೋಗಲೇ ಎಂದು ಕೇಳುವಾಗ ಹೀಗೇ ನೋಡುತ್ತಿದ್ದಳು.

“ದೊಡ್ಡವ್ವಾ,” ಎಂದಳು.

ವಿರೂಪಾಕ್ಷಮ್ಮ ಬಾಗಿಲ ಕಡೆ ಮುಖ ತಿರುಗಿಸಿದರು. ಹೊರಟೇ ಹೋಗುತ್ತಾರೇನೋ ಎಂದುಕೊಂಡ ಪದಮ್. ಅವರು ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡರು. ಬಂದು ಪಂಫಾಳ ಹಿಂದೆ ನಿಂತು, ಎರಡೂ ಕೈಯಲ್ಲಿ ಅವಳ ಹೆಗಲು ಹಿಡಿದರು.

“ನಿಂದ್ರವ್ವ,” ಎಂದರು. “ಕಮ್ಮಿ ಆದ್ರ ಆಗಲಿ. ನನ್ನ ಆಯುಷ್ಯ ಉಳದೈತೆಲ್ಲ, ಅದರಾಗಿಂದು ಹಚ್ಚಿ ಕೊಡ್ತೀನಿ. ಅಲಗಾಡಬ್ಯಾಡ.”

ಧನಸಿಂಗನಿಗೆ ಆ ಮಾತು ತಿಳಿಯಲಿಲ್ಲ. ಹಿಡಿದ ಕೈ ತಿಳಿಯಿತು. ಅವನು ವಿರೂಪಾಕ್ಷಮ್ಮನಿಗೆ ಒಮ್ಮೆ ಕೈ ಮುಗಿದು, ಗೋಡೆ ಹಿಡಿದುಕೊಂಡು ಕೂತು, ಹುಡುಗಿಯ ಪಾದಕ್ಕೆ ಹಣೆ ಹಚ್ಚಿದ. ಪಂಫಾ ಉಸಿರು ಕಟ್ಟಿ ನಿಂತಳು. ಮೈ ಹಿಂದಕ್ಕೆ ಜಗ್ಗಿತು, ಹೆಗಲ ಮೇಲಿನ ಕೈ ಬಿಡಲಿಲ್ಲ.

ಮುದುಕ ಎದ್ದಾಗ ಅವನ ಮುಖ ಹಗುರಾಗಿತ್ತು. “ದಸರೆಗೆ ಮುಂಚೆ ಊರಿಗೆ ಕರೆದುಕೊಂಡು ಬಾ,” ಎಂದು ತಮ್ಮನಿಗೆ ಹೇಳಿದ. “ಸಾಹೇಬರ ಮುಂದೆ ನಾನು ಹೇಳುತ್ತೇನೆ. ನಮ್ಮವಳೇ.” ಆಮೇಲೆ ಇನ್ನೂ ಅಲ್ಲೇ ನಿಂತಿದ್ದ ಪದಮನನ್ನು ದಿಟ್ಟಿಸಿದ. “ಮತ್ತೆ ನೀನು? ಇಷ್ಟು ವರ್ಷ ನೀನೂ ಮಗಳನ್ನು ಕಾಲಿಗೆ ಬೀಳಿಸಿಕೊಂಡಿರಬೇಕಲ್ಲ. ಇಳಿಸಿಕೊಳ್ಳುವುದಿಲ್ಲವೇ?”

ಪದಮ್ ಮುಂದೆ ಬಂದ. ಆಗ ಪಂಫಾಳಿಗೆ ಅಳು ಬಂತು. ಅಲ್ಲಿಯವರೆಗೆ ತಡೆದಿದ್ದೆಲ್ಲ ಒಟ್ಟಿಗೇ ಬಂತು.

“ಅಪ್ಪಾ, ನೀ ಬ್ಯಾಡ. ನೀ ಒಬ್ಬಾಂವ ಬ್ಯಾಡಪ್ಪಾ.”

ಪದಮ್ ಮೊಣಕಾಲೂರಿ ಕೂತ. ಮಗಳ ಪಾದವನ್ನು ಅವನು ಇಷ್ಟು ಹತ್ತಿರದಿಂದ ನೋಡಿ ಬಹಳ ವರ್ಷಗಳಾಗಿದ್ದವು. ಬೆರಳುಗಳು ನೆಲವನ್ನು ಒತ್ತಿ ಹಿಡಿದು ಬೆಳ್ಳಗಾಗಿದ್ದವು. ಅವುಗಳ ಹಿಂದೆ, ಅವಳ ಹಿಮ್ಮಡಿಗೆ ತಾಗಿಕೊಂಡು, ಬೆಳ್ಳಿಯ ಕಾಲುಂಗುರ ತೊಟ್ಟ, ಒಡೆದ ಎರಡು ಪಾದಗಳು ಅಲುಗದೆ ನಿಂತಿದ್ದವು.